ಬ್ರೌಸರ್ ಬಚ್ಚಿಟ್ಟ ವಿಳಾಸ

ನಮ್ಮ ಮನೆಯಲ್ಲಿ ಎರಡು ತಿಂಗಳು ಒಬ್ಬಳು ಅಡಗಿಕೊಂಡಿದ್ದಳು. ನನ್ನ ಜೊತೆ ಒಂದೇ ಶಾಲೆಯಲ್ಲಿ ಪಾಠ ಮಾಡಿದವಳು, ನನಗಿಂತ ತುಂಬ ಚಿಕ್ಕವಳು. ಗಂಡನ ಹೊಡೆತ ತಾಳಲಾರದೆ ವಿರಾಜಪೇಟೆಯ ಮನೆ ಬಿಟ್ಟಿದ್ದಳು. ಮೊದಲು ಹಿಡಿದ ಬಾಡಿಗೆ ಮನೆಯನ್ನು ಅವನು ಎರಡೇ ವಾರದಲ್ಲಿ ಪತ್ತೆ ಮಾಡಿ ಬಾಗಿಲು ಒಡೆದಿದ್ದ. ಆಮೇಲೆ ಚೆಟ್ಟಳ್ಳಿಗೆ, ನನ್ನಲ್ಲಿಗೆ ಬಂದಳು. ನಾವು ಜೊತೆಗಿದ್ದದ್ದು ಅವಳ ಮದುವೆಗೆ ಮೊದಲು, ಹಾಗಾಗಿ ಅವನಿಗೆ ನನ್ನ ಗುರುತಿರಲಿಲ್ಲ.

ಒಂಬತ್ತು ವರ್ಷದ ಮಗಳು ಮಾತ್ರ ಅವನ ಹತ್ತಿರವೇ ಉಳಿದಿದ್ದಳು. ಕೇಸು ಮುಗಿಯುವವರೆಗೆ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ವಿಡಿಯೋ ಕಾಲ್‌ನಲ್ಲಿ ತಾಯಿ ಮಗಳು ಮಾತಾಡಬಹುದು ಎಂದು ವಕೀಲರು ಒಪ್ಪಿಸಿದ್ದರು. ಆ ಅರ್ಧ ಗಂಟೆಗಾಗಿ ಅವಳು ಉಳಿದ ಆರು ದಿನ ಉಸಿರು ಹಿಡಿದು ಕೂರುತ್ತಿದ್ದಳು.

ಫಜೀತಿ ಏನೆಂದರೆ, ಆ ಮನುಷ್ಯನ ಕಸುಬೇ ಮನೆಮನೆಗೆ ಇಂಟರ್‌ನೆಟ್ ಕೇಬಲ್ ಎಳೆಯುವುದು. ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಕುಶಾಲನಗರದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿ ನಡೆಸುವಾಕೆ ತಾಳ್ಮೆಯಿಂದಲೇ ವಿವರಿಸಿದಳು.

"ವಿಡಿಯೋ ಕಾಲ್ ಮಾಡುವಾಗ ಎರಡು ಕಂಪ್ಯೂಟರ್ ನೇರ ಮಾತಾಡ್ತವೆ ಮೇಡಂ. ಆಗ ನಿಮ್ಮ ಐಪಿ ನಂಬರ್ ಆ ಕಡೆಯವರಿಗೆ ಸಿಗ್ತದೆ. ಲೈನ್ ಕೆಲಸ ಗೊತ್ತಿರೋರು ಅದನ್ನ ಹಿಡ್ಕೊಂಡು ಯಾವ ಊರ ಕಂಬ ಅಂತ ಹುಡುಕಬಹುದು."

"ನಂಬರ್ ಮರೆಸೋಕೆ ವಿಪಿಎನ್ ಅಂತ ಒಂದು ಆಗಲೇ ಹಾಕಿದ್ದೀವಲ್ಲ?"

"ಅದಿದ್ರೂ ಬ್ರೌಸರ್ ಸಂದೀಲಿ ನಿಜವಾದ ನಂಬರ್ ಬಿಟ್ಟುಕೊಡ್ತದೆ. ಅದನ್ನ ತಡೆಯೋಕೆ ಬ್ರೌಸರ್‌ಗೆ ಸೇರಿಸೋ ಈ ಎಕ್ಸ್‌ಟೆನ್ಶನ್."

ನನಗೆ ತಲೆಬುಡ ತಿಳಿಯಲಿಲ್ಲ. ಬೀಗ ಹಾಕಿದ ಮೇಲೂ ಬಾಗಿಲೇ ಬಾಯಿಬಿಟ್ಟು ಒಳಗೆ ಯಾರಿದ್ದಾರೆ ಅಂತ ಹೇಳುವುದಾದರೆ, ಅಂಥ ಬಾಗಿಲನ್ನು ಮಾಡಿದವರು ಯಾರು? ಅಂಗಡಿಯಾಕೆ ನಂಬರ್ ಪರೀಕ್ಷಿಸುವ ಒಂದು ಪುಟ ತೆರೆದು ತೋರಿಸಿದಳು. ವಿಪಿಎನ್ ಇಲ್ಲದಾಗ ನಾವು ಮಂಗಳೂರಿನಲ್ಲಿದ್ದೇವೆ ಅಂದಿತು. ಕುಶಾಲನಗರದಲ್ಲಿ ನಿಂತವರನ್ನು ಮಂಗಳೂರಿನವರು ಅನ್ನುವ ಯಂತ್ರಕ್ಕೆ ಹೆದರುವುದು ಯಾಕೆಂದು ಕೇಳಿದೆ. "ಊರು ತಪ್ಪು, ನಂಬರ್ ಸರಿ ಮೇಡಂ" ಅಂದಳು. ವಿಪಿಎನ್ ಜೊತೆಗೆ ಎಕ್ಸ್‌ಟೆನ್ಶನ್ ಹಾಕಿದ ಮೇಲೆ ನಾವು ಸಿಂಗಾಪುರಕ್ಕೆ ಹೋದೆವು, ನಂಬರ್ ಸೋರುತ್ತಿಲ್ಲ ಅನ್ನುವ ಪುಟ್ಟ ಹಸಿರು ಗುರುತು ಮೂಲೆಯಲ್ಲಿ ಮೂಡಿತು. ಸಂತೋಷಪಡಬೇಕೋ ಬೇಡವೋ ಗೊತ್ತಾಗದೆ ಬಸ್ಸು ಹತ್ತಿದೆ.

ಯಂತ್ರವನ್ನು ಪೂರ್ತಿ ನಂಬುವ ಜಾಯಮಾನ ನನ್ನದಲ್ಲ. ಭಾನುವಾರ ಗೆಳತಿ ಕೂರುವ ಕುರ್ಚಿಯ ಹಿಂದಿನ ಕಿಟಕಿಗೆ ಬಿಳಿ ಬೆಡ್‌ಶೀಟ್ ಕಟ್ಟಿದೆ. ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ ಸ್ಟೂಲು ಹಾಕಿಕೊಂಡು ಕೂತೆ. ಹಸಿರು ಗುರುತು ಕಾಯುವುದು ನನ್ನ ಕೆಲಸ. ನಾಲ್ಕು ಭಾನುವಾರ ನಾನು ಕೆಮ್ಮಲೂ ಇಲ್ಲ. ಆ ಕಡೆ ಮಗು ಒಂದೇ ಕಾಣುತ್ತಿತ್ತು, ಅಪ್ಪನ ನೆರಳು ಪಕ್ಕದಲ್ಲೆಲ್ಲೋ ಇರುತ್ತಿತ್ತು.

ಐದನೆಯ ಭಾನುವಾರ ಮಗು ತನ್ನ ಹೊಸ ಚಿತ್ರ ತೋರಿಸುತ್ತಿತ್ತು. ಅಷ್ಟರಲ್ಲಿ ಮೇಲಿನ ಮನೆಯ ಕಡೆಯಿಂದ ಕೋವಿಯ ಸದ್ದು ಕೇಳಿಸಿತು. ಢಂ. ಹಿಂದೆಯೇ ಇನ್ನೊಂದು, ಢಂ.

ನಮ್ಮ ಕೊಡಗಿನಲ್ಲಿ ಒಂದರ ಹಿಂದೆ ಒಂದು ಎರಡು ಗುಂಡು ಹಾರಿದರೆ ಸಾವಿನ ಸುದ್ದಿ. ಕೇಳಿದವರು ಕೈಯಲ್ಲಿದ್ದದ್ದನ್ನು ಬಿಟ್ಟು ಯಾರು ಎಂದು ಕೇಳುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ. ಆ ಪ್ರಶ್ನೆ ಕೇಳಿದವರು ಯಾರು ಅಂತ ಯಾರೂ ನೋಡುವುದಿಲ್ಲ.

"ಯಾರು ಹೋದ್ರು?" ಒಂದು ಗಂಡಸಿನ ದನಿ ಕೇಳಿತು.

"ಮೇಲಿನ ಮನೆ ಅಜ್ಜ. ನಿನ್ನೆಯಿಂದ ಉಸಿರು ಎಳೀತಿದ್ರು, ಪಾಪ" ಅಂದೆ.

ಹೇಳಿದವಳು ನಾನೇ. ಅವಳು ನನ್ನ ಕಡೆ ತಿರುಗಿದ ಮೇಲೆಯೇ ಆ ದನಿ ಲ್ಯಾಪ್‌ಟಾಪಿನೊಳಗಿನಿಂದ ಬಂದದ್ದೆಂದು ನನಗೆ ಹೊಳೆದದ್ದು. ಹಸಿರು ಗುರುತು ಹಾಗೇ ಇತ್ತು. ಅವಳು ಕಾಲ್ ಕಟ್ ಮಾಡಿದಳು.

ಯಾವ ಊರಿನ ಅಜ್ಜ ಎಂದು ತಿಳಿಯಲು ಐಪಿ ನಂಬರ್ ಬೇಕಿರಲಿಲ್ಲ. ಗಂಟೆಯೊಳಗೆ ಅಜ್ಜನ ಫೋಟೋ, ಮನೆತನ, ಊರು, ಮಣ್ಣು ಮಾಡುವ ಸಮಯ, ಎಲ್ಲವೂ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿತ್ತು. ಅವಳು ಬ್ಯಾಗಿಗೆ ಬಟ್ಟೆ ತುರುಕಿದಳು. ನಾನು ಬಾಗಿಲಲ್ಲಿ ಅಡ್ಡ ನಿಂತು ತಪ್ಪಾಯಿತು ಅಂದೆ, ಎಲ್ಲಿಗೆ ಹೋಗುತ್ತೀ ಅಂದೆ.

"ನಿಮಗೆ ಹೇಳಲ್ಲ ಅಕ್ಕ. ಬೇಜಾರು ಮಾಡ್ಕೋಬೇಡಿ" ಅಂದಳು. ಬೇಜಾರಲ್ಲ, ನಾಚಿಕೆಯಾಯಿತು. ಎರಡು ಗಂಟೆಯ ಬಸ್ಸಿಗೆ ಹೋದಳು, ಯಾವ ಕಡೆಯ ಬಸ್ಸೆಂದು ನಾನು ನೋಡಲೂ ಇಲ್ಲ.

ಮೂರಕ್ಕೆ ನಾನು ಸಾವಿನ ಮನೆಯಲ್ಲಿದ್ದೆ. ಅಂಗಳದ ಜನದ ನಡುವೆ ಒಬ್ಬ ಮಗುವಿನ ಕೈ ಹಿಡಿದು ಬಂದ. ಮಗುವಿನ ಮುಖ ನನಗೆ ನಾಲ್ಕು ವಾರದಿಂದ ಗೊತ್ತಿತ್ತು. ಅವನು ಚಪ್ಪಲಿ ಬಿಟ್ಟು ಅಜ್ಜನ ಕಾಲು ಮುಟ್ಟಿ ಪಕ್ಕಕ್ಕೆ ನಿಂತ. ಸಾವಿನ ಮನೆಗೆ ಬಂದವರನ್ನು ಯಾಕೆ ಬಂದೆ ಎಂದು ಕೇಳುವ ಹಾಗಿಲ್ಲ. ಹೆಂಡತಿಯನ್ನು ಹುಡುಕಿಕೊಂಡು ಬಂದನೋ, ಮಗಳನ್ನು ತಾಯಿಗೆ ತೋರಿಸಲು ಬಂದನೋ, ಎರಡು ಗುಂಡು ಕೇಳಿದ ಮೇಲೆ ಬರಲೇಬೇಕೆಂದು ಬಂದನೋ? ಅವನ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಪಕ್ಕದಲ್ಲಿದ್ದ ಹೆಂಗಸಿಗೆ ನಾನು ಏನೋ ಹೇಳಿದೆ. ನನ್ನ ದನಿ ಕೇಳಿ ಮಗು ತಟ್ಟನೆ ತಿರುಗಿತು. ಅಪ್ಪನ ಕೈ ಬಿಡಿಸಿಕೊಂಡು ನನ್ನ ಹತ್ತಿರ ಬಂತು. ಅವನು ತಡೆಯಲಿಲ್ಲ, ಹಿಂದೆಯೂ ಬರಲಿಲ್ಲ.

ಮಗುವನ್ನು ಮನೆಗೆ ಕರೆದುಕೊಂಡು ಹೋದೆ. ಮೇಜು, ಲ್ಯಾಪ್‌ಟಾಪು, ಕುರ್ಚಿ ಇದ್ದಲ್ಲೇ ಇದ್ದವು. ಅದು ನೇರ ಬೆಡ್‌ಶೀಟಿನ ಹತ್ತಿರ ಹೋಗಿ, ಅಂಚು ಹಿಡಿದು ಸರಿಸಿ, ಹಿಂದೆ ಇಣುಕಿತು. ಅಲ್ಲಿ ಕಿಟಕಿ ಇತ್ತು, ಆಚೆ ಮೆಣಸಿನ ಬಳ್ಳಿ ಇತ್ತು.

"ಅಮ್ಮ ಎಲ್ಲಿ?" ಅಂತು.

"ಗೊತ್ತಿಲ್ಲ ಮಗಾ" ಅಂದೆ. ಅದು ನನ್ನನ್ನು ನಂಬಲಿಲ್ಲ, ಮಂಚದ ಕೆಳಗೂ ಬಗ್ಗಿ ನೋಡಿತು.