ಗೋಡೆ ತಿರುಗಿ ನೋಡಿದ ಫೋಟೋ

ಸಂಗೀತ ಕೇಳಿದರೆ ಮನಸ್ಸು ತಂಪಾಗುತ್ತದೆ ಎನ್ನುವ ಮಹಾಶಯರನ್ನು ಹಿಡಿದು ತಂದು ಒಂದೇ ಒಂದು ಸಲ ಪಿಟ್‌ನಲ್ಲಿ ನಿಲ್ಲಿಸಬೇಕು. ಪಿಟ್ ಎಂದರೆ ಹೆಚ್ಚೇನಿಲ್ಲ, ವೇದಿಕೆಗೂ ಜನರನ್ನು ತಡೆಯುವ ಕಬ್ಬಿಣದ ಬ್ಯಾರಿಕೇಡಿಗೂ ನಡುವೆ ಬಿಟ್ಟ ಇಕ್ಕಟ್ಟಾದ ಓಣಿ. ಬೆನ್ನಿಗೆ ಸ್ಪೀಕರ್ ಗುದ್ದುತ್ತದೆ, ಮುಖಕ್ಕೆ ನೀರಿನ ಬಾಟಲಿ ಬಂದು ಬಡಿಯುತ್ತದೆ, ಯಾರೋ ಪುಣ್ಯಾತ್ಮ ತಲೆಯ ಮೇಲೆ ಉಗಿಯುತ್ತಾನೆ. ನಮ್ಮ ಇಲ್ನೋಡಿ ಆ ಓಣಿಯಲ್ಲಿ ಕ್ಯಾಮೆರಾ ಹಿಡಿದು ನಿಂತೇ ಇಷ್ಟು ವರ್ಷ ಹೊಟ್ಟೆ ಹೊರೆದವನು.

ಇಲ್ನೋಡಿ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೊದಲು ಅವನು ಪಾಸ್‌ಪೋರ್ಟ್ ಫೋಟೋ ತೆಗೆಯುವ ಸಣ್ಣ ಸ್ಟುಡಿಯೋದಲ್ಲಿದ್ದ. ಬೆಳಗಿನಿಂದ ಸಂಜೆಯವರೆಗೆ “ಇಲ್ನೋಡಿ, ಗದ್ದ ಸ್ವಲ್ಪ ಮೇಲೆ, ಇಲ್ನೋಡಿ” ಎಂದು ಹೇಳಿ ಹೇಳಿ ನಾಲಿಗೆಗೆ ಅದು ಅಂಟಿಹೋಯಿತು. ಕಾರ್ಯಕ್ರಮಗಳ ಫೋಟೋಗ್ರಾಫರ್ ಆದಮೇಲೂ ಬಿಡಲಿಲ್ಲ. ಕಿವಿ ಒಡೆಯುವ ಡ್ರಮ್ಮಿನ ನಡುವೆಯೂ ಗಂಟಲು ಹರಿಯುವ ಹಾಗೆ “ಇಲ್ನೋಡಿ!” ಎಂದು ಕೂಗುತ್ತಿದ್ದ. ಸೋಜಿಗವೆಂದರೆ ಜನ ನೋಡುತ್ತಿದ್ದರು! ಆ ಕೂಗಿನಲ್ಲಿ ಅದೇನಿತ್ತೋ, ಮಂತ್ರಿಯಿಂದ ಹಿಡಿದು ಮೈಕಿನ ವೈರು ಎಳೆಯುವವನವರೆಗೆ ಎಲ್ಲರ ಮುಖವೂ ತಾನಾಗಿ ಅವನ ಕಡೆ ತಿರುಗುತ್ತಿತ್ತು.

ಏಟು ತಿಂದದ್ದಕ್ಕೆ ಲೆಕ್ಕವಿಲ್ಲ. ಹುಬ್ಬಿನ ಮೇಲಿನ ಹೊಲಿಗೆ ಗಾಜಿನ ಬಾಟಲಿಯದು. ಸೊಟ್ಟಗಾದ ಕಿರುಬೆರಳು ಒಬ್ಬ ದೊಡ್ಡ ಗಾಯಕನ ಕೊಡುಗೆ. ವೇದಿಕೆಯ ಅಂಚಿನಲ್ಲಿ ಕೈಯೂರಿದ್ದಾಗ, ತನ್ನ ಜೋತುಬಿದ್ದ ಗದ್ದವನ್ನು ಹತ್ತಿರದಿಂದ ತೆಗೆದನೆಂದು ಆ ಮಾರಾಯ ಹಾಡುತ್ತಲೇ ಬೂಟಿನಿಂದ ಅರೆದಿದ್ದ. ಹಾಡು ಮಾತ್ರ ಪ್ರೀತಿಯ ಬಗ್ಗೆ ಇತ್ತು. ಪಕ್ಕೆಲುಬು ಮುರಿದದ್ದು ಸೀಲಿಂಗ್ ಫ್ಯಾನ್ ಕಂಪನಿಯ ಪ್ರಚಾರದಲ್ಲಿ. ಯಾರು ಮುಂದಿನ ಸಾಲಿನಲ್ಲಿ ಕೂರಬೇಕೆಂದು ಇಬ್ಬರು ಅಂಗಡಿಯವರು ಕುರ್ಚಿ ಎತ್ತಿ ಬಡಿದಾಡಿಕೊಂಡರು, ನಡುವೆ ಹೋದವನು ಇವನು.

ಆಮೇಲೆ ಅಷ್ಟು ಏಟು ಬೀಳಲಿಲ್ಲ. ಕಾರಣ ಅವನ ಭಾವ. ಅಕ್ಕನ ಗಂಡ ಜನ ನುಗ್ಗದಂತೆ ತಡೆಯುವ ಬೌನ್ಸರ್, ಬ್ಯಾರಿಕೇಡಿನ ನಡುಮಧ್ಯದ ಜಾಗ ಅವನದು. ಆಳು ಎತ್ತರಕ್ಕೂ ಅಗಲಕ್ಕೂ ಸರಿಯಾಗಿದ್ದ, ಎಲ್ಲರೂ ಗೋಡೆ ಎನ್ನುತ್ತಿದ್ದರು. ಮುರಿದ ಪಕ್ಕೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಇಲ್ನೋಡಿಯನ್ನು ನೋಡಲು ಬಂದವನು, “ಲೋ, ಇನ್ಮೇಲೆ ನನ್ ಬೆನ್ನ ಹಿಂದೆ ನಿಂತ್ಕೋ. ಅಲ್ಲಿಗೆ ಯಾವನು ಬರ್ತಾನೋ ನೋಡ್ತೀನಿ” ಎಂದಿದ್ದ. ಹೇಳಿದ ಮಾತಿಗೆ ತಪ್ಪಲಿಲ್ಲ.

ಗೋಡೆಯ ಕೆಲಸವನ್ನು ಇಲ್ನೋಡಿ ಹತ್ತಿರದಿಂದ ಕಂಡವನು. ವೇದಿಕೆಗೆ ಬೆನ್ನು, ಜನರಿಗೆ ಮುಖ, ಅಷ್ಟೇ. ಎಂಥ ಹಾಡುಗಾರ ಬರಲಿ, ಭಾವ ಒಂದು ಸಲವೂ ತಿರುಗಿ ನೋಡಿದವನಲ್ಲ.

“ಅವರ ಕಣ್ಣು ನೋಡ್ತಿದ್ರೆ ತಳ್ಳೋಕೆ ನಾಚ್ಕೋತಾರೆ ಕಣೋ,” ಎನ್ನುತ್ತಿದ್ದ. “ಬೆನ್ನು ಹಾಕಿದ್ಯೋ, ಮುಗೀತು ಕಥೆ. ವೇದಿಕೆಯಿಂದ ಏನಾದ್ರೂ ಎಸೆದ್ರೂ ನಂಗೆ ಅವರ ಕಣ್ಣಲ್ಲೇ ಗೊತ್ತಾಗುತ್ತೆ. ಕಣ್ಣು ಯಾವ ಕಡೆ ಓಡುತ್ತೋ ಆ ಕಡೆ ಹೆಗಲು ಕೊಡೋದು.”

ಇದರಿಂದ ಒಂದು ಫಜೀತಿಯಾಯಿತು. ಇಲ್ನೋಡಿಯ ರಾಶಿ ಫೋಟೋಗಳಲ್ಲಿ ಭಾವ ಇದ್ದ, ಆದರೆ ಬರೀ ಬೆನ್ನು. ಅಕ್ಕನ ಮಗಳಿಗೆ ಶಾಲೆಯಲ್ಲಿ ಅಪ್ಪ ಅಮ್ಮನ ಕೆಲಸದ ಬಗ್ಗೆ ಚಾರ್ಟ್ ಮಾಡಲು ಹೇಳಿದ್ದರು. ಪುಟ್ಟಿ ಮುಖ ಊದಿಸಿಕೊಂಡು ಕೂತಳು.

“ಮಾಮ, ಎಲ್ಲದ್ರಲ್ಲೂ ಅಪ್ಪನ ಕುತ್ತಿಗೇನೇ. ಇದು ನಮ್ಮಪ್ಪ ಅಂದ್ರೆ ಯಾರು ನಂಬ್ತಾರೆ?”

“ನಾಳೆ ಕೆಲಸದ ಜಾಗದಲ್ಲೇ ಮುಖ ತೆಗ್ದು ತರ್ತೀನಿ. ಮಾಮನ ಮೇಲೆ ಆಣೆ,” ಎಂದ ಇಲ್ನೋಡಿ. ಯಾಕಾದರೂ ಆಣೆ ಹಾಕಿದನೋ!

ಮರುದಿನ ಮಧ್ಯಾಹ್ನ, ಸುಡುಬಿಸಿಲಿನಲ್ಲಿ, ಒಂದು ಬೂಟಿನ ಕಂಪನಿಯ ಪ್ರಚಾರ. ಮೈದಾನದ ತುಂಬ ಜನ. ಬ್ಯಾಂಡು ಬಾರಿಸಬೇಕು, ನಡುನಡುವೆ ನಿರೂಪಕ ಹೊಸ ಬೂಟು ಎಸೆಯಬೇಕು. ಅದೂ ಜೋಡಿಯಲ್ಲ, ಎಡಗಾಲಿನದು ಮಾತ್ರ. ಅದನ್ನು ಹಿಡಿದು ತಂದವನಿಗೆ ವೇದಿಕೆಯಲ್ಲಿ ಬಲಗಾಲಿನದು. ಈ ಉಪಾಯ ಯಾರ ತಲೆಯಲ್ಲಿ ಹುಟ್ಟಿತೋ, ಅವನ ಮನೆ ಹಾಳಾಗ. ಮೊದಲ ಬೂಟಿಗೇ ಒಬ್ಬನ ತುಟಿ ಸೀಳಿತು. ಎರಡನೆಯದಕ್ಕೆ ಒಬ್ಬಾಕೆ ಇನ್ನೊಬ್ಬನ ಮುಂಗೈ ಕಚ್ಚಿದಳು, ಅವನು ಅವಳ ಜುಟ್ಟು ಹಿಡಿದು ಕಂಬಿಗೆ ಕುಟ್ಟಿದ. ಭಾವ ಕೈ ಚಾಚಿ ಇಬ್ಬರನ್ನೂ ಬಿಡಿಸಿದ. ನಿರೂಪಕ ಮೈಕಿನಲ್ಲಿ, “ಎಂಥಾ ಉತ್ಸಾಹ! ಜೋರಾಗಿ ಚಪ್ಪಾಳೆ!” ಎಂದು ಅರಚಿದ.

ಇಲ್ನೋಡಿ ಜನರ ಎತ್ತಿದ ಕೈಗಳ ಫೋಟೋ ತೆಗೆಯಲು ವೇದಿಕೆಗೆ ಬೆನ್ನು ಮಾಡಿ ನಿಂತ. ಚೌಕಟ್ಟಿನ ನಡುವೆ ಅದೇ ಭಾವನ ಕುತ್ತಿಗೆ. ಬ್ಯಾಂಡು ಒಂದು ಗಳಿಗೆ ನಿಂತಿತು. ಇದೇ ಸಮಯ ಅನಿಸಿತು.

“ಭಾವಾ, ಇಲ್ನೋಡಿ!”

ಭಾವ ಅಲ್ಲಾಡಲಿಲ್ಲ.

“ಭಾವಾ, ಪುಟ್ಟಿಗೆ ಬೇಕಂತೆ! ಇಲ್ನೋಡಿ!”

ಗೋಡೆ ತಿರುಗಿದ. ಬೆವರು ಸುರಿಯುತ್ತಿದ್ದ ಮುಖದಲ್ಲಿ ಬಾಯ್ತುಂಬ ನಗು. ಇಲ್ನೋಡಿ ಬಟನ್ ಒತ್ತಿದ. ತನ್ನ ಬೆನ್ನ ಹಿಂದೆ ನಿರೂಪಕ ಕೈ ಬೀಸಿದ್ದು ಅವನಿಗೆ ಕಾಣಲಿಲ್ಲ. ಜನರ ಕಣ್ಣು ಓಡಿದ್ದು ಭಾವನಿಗೆ ಕಾಣಲಿಲ್ಲ. ಬೂಟು ಬಂದು ಭಾವನ ಹೆಗಲಿಗೆ ಬಡಿದು ಬ್ಯಾರಿಕೇಡಿನ ಬುಡದಲ್ಲಿ ಬಿತ್ತು.

ಇಡೀ ಮೈದಾನ ಅವನ ಮೇಲೆ ಬಂತು. ಕಬ್ಬಿಣ ಕಿರ್ರೆಂದು ಮಗುಚಿ ಭಾವನ ಕಾಲನ್ನು ಅಡಿಗೆ ಹಾಕಿಕೊಂಡಿತು, ಅದರ ಮೇಲೆ ಜನ, ಜನರ ಮೇಲೆ ಜನ. ಇಲ್ನೋಡಿಯ ಬೆರಳು ಬಟನ್ನಿನ ಮೇಲೇ ಇತ್ತು. ಕ್ಯಾಮೆರಾ ತನ್ನ ಪಾಡಿಗೆ ಪಟಪಟ ತೆಗೆಯುತ್ತಲೇ ಹೋಯಿತು. ಅವನು ನಿಲ್ಲಿಸಲಿಲ್ಲ, ಕೈಗೆ ನಿಲ್ಲಿಸುವುದು ಹೊಳೆಯಲೇ ಇಲ್ಲ.

ಭಾವನ ಕಾಲಿನ ಮೂಳೆ ಮುರಿದ ಸದ್ದು ಕೇಳಿದಾಗ ಇಲ್ನೋಡಿಗೆ ಮೈಮೇಲೆ ಎಚ್ಚರ ಬಂತು. ಅಷ್ಟರಲ್ಲಿ ಬಿದ್ದೆದ್ದ ಕೆಲವರು, “ಇವ್ನೇ ತಳ್ಳಿದ್ದು! ಹಾಕ್ರೋ ಇವ್ನಿಗೆ!” ಎಂದು ಭಾವನನ್ನೇ ಒದೆಯತೊಡಗಿದ್ದರು. ಒಬ್ಬ ದಡೂತಿ ಆಸಾಮಿ ಹಿಮ್ಮಡಿಯಿಂದ ಮುಖವನ್ನೇ ಗುರಿಯಿಟ್ಟು ತುಳಿಯುತ್ತಿದ್ದ, ಒಂದು, ಇನ್ನೊಂದು, ಮತ್ತೊಂದು. ಇಲ್ನೋಡಿ ಉದ್ದನೆಯ ಲೆನ್ಸಿನ ಕ್ಯಾಮೆರಾವನ್ನು ಪಟ್ಟಿ ಹಿಡಿದು ಬೀಸಿ ಅವನ ಮೋರೆಗೆ ಹೊಡೆದ. ಮೂಗು ಪಚಕ್ಕೆಂದಿತು. ಮತ್ತೆ ಹೊಡೆದ. ಲೆನ್ಸು ಒಡೆದು ಗಾಜು ಉದುರಿತು, ಆದರೂ ಹೊಡೆದ. ಅವನು ಬಿದ್ದಮೇಲೂ ಹೊಡೆದ. ಕೊನೆಗೆ ಉಳಿದ ಬೌನ್ಸರ್‌ಗಳು ಇವನ ಕತ್ತು ಹಿಡಿದು ಎಳೆಯಬೇಕಾಯಿತು. ಭಾವನನ್ನು ಹೊರಗೆ ತಂದಾಗ ಕೆನ್ನೆಯ ಮೂಳೆ ಒಳಗೆ ಹೋಗಿತ್ತು, ದವಡೆ ಒಂದು ಕಡೆ ತೂಗುತ್ತಿತ್ತು, ಎಡಗಣ್ಣು ಇದ್ದ ಜಾಗದಲ್ಲಿ ರಕ್ತ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕ ಫ್ಲಾಸ್ಕ್ ಹಿಡಿದು ಗೋಡೆಗೊರಗಿ ನಿಂತಿದ್ದಳು. ಒಳಗೆ ಆಪರೇಷನ್ ನಡೆಯುತ್ತಿತ್ತು. ಕಾರ್ಯಕ್ರಮದ ಮ್ಯಾನೇಜರ್ ಬಂದು ಇಲ್ನೋಡಿಯ ಹೆಗಲ ಮೇಲೆ ಕೈ ಹಾಕಿದ.

“ಕ್ಯಾಮೆರಾ ಒಡೆದ್ರೂ ಮೆಮೊರಿ ಕಾರ್ಡಲ್ಲಿ ಫೋಟೋ ಉಳಿದಿದ್ಯಂತಲ್ಲಪ್ಪ. ಅವನು ಜನಕ್ಕೆ ಬೆನ್ನು ಹಾಕಿದ್ದ ಅಂತ ಕಂಡ್ರೆ ಸಾಕು. ಬೌನ್ಸರ್ ತಪ್ಪು ಅಂತಾಗುತ್ತೆ, ಕಂಪನಿ ತಲೆ ಮೇಲಿಂದ ಇಳಿಯುತ್ತೆ. ನಿಂಗೂ ಮುಂದೆ ಕೆಲಸ ಇರುತ್ತೆ.”

ಅಕ್ಕ ಕೇಳಿಸಿಕೊಂಡಳು. “ಇವರು ಬೆನ್ನು ಹಾಕಿದ್ರಾ? ಸಾಧ್ಯಾನೇ ಇಲ್ಲ. ಮದುವೆ ಮನೇಲೂ ಗೋಡೆಗೆ ಬೆನ್ನು ಕೊಟ್ಟು ಕೂರೋ ಮನುಷ್ಯ ಅದು. ಏ, ನೀನು ಅಲ್ಲೇ ಇದ್ದ್ಯಲ್ಲ, ಹೇಳೋ!”

ಇಲ್ನೋಡಿ ಸುಮ್ಮನಿದ್ದುಬಿಡಬಹುದಿತ್ತು. ಕಾರ್ಡನ್ನು ಮುರಿದು ಕಸದ ಬುಟ್ಟಿಗೆ ಹಾಕಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಕಾರ್ಡಿಲ್ಲದಿದ್ದರೂ ಮ್ಯಾನೇಜರ್ ಭಾವನ ತಲೆಗೇ ಕಟ್ಟುತ್ತಾನೆ, ಒಳಗೆ ಮಲಗಿದವನಿಗೆ ಇಲ್ಲ ಎನ್ನಲು ದವಡೆಯೂ ಇಲ್ಲ.

“ತಿರುಗಿದ್ರು ಅಕ್ಕಾ. ನಾನು ಕರೆದೆ. ಫೋಟೋಗೆ ಅಂತ ನಾನೇ ಕೂಗಿ ಕರೆದೆ.” ಮ್ಯಾನೇಜರನ ಕೈಯನ್ನು ಹೆಗಲಿಂದ ಕಿತ್ತೆಸೆದ. “ಪೊಲೀಸರ ಮುಂದೇನೂ ಇದನ್ನೇ ಹೇಳ್ತೀನಿ. ಜನರ ಮೇಲೆ ಬೂಟು ಎಸೆಸಿದ್ದು ನೀವು ಅನ್ನೋದನ್ನೂ ಹೇಳ್ತೀನಿ, ಹೋಗ್ರೀ!”

ಅಕ್ಕ ಫ್ಲಾಸ್ಕ್ ಎತ್ತಿ ತಮ್ಮನ ತಲೆಗೆ ಬಡಿದಳು. ಮುಚ್ಚಳ ಹಾರಿ ಬಿಸಿನೀರು ಇಬ್ಬರ ಮೇಲೂ ಚೆಲ್ಲಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ನರ್ಸ್ ಓಡಿಬಂದು ಬಿಡಿಸುವವರೆಗೆ ಹೊಡೆದಳು, ಆಮೇಲೆ ನೆಲಕ್ಕೆ ಕುಸಿದು ಗೊಳೋ ಎಂದು ಅತ್ತಳು.

ಪೊಲೀಸರ ಮುಂದೆಯೂ ಅವನು ಅದನ್ನೇ ಹೇಳಿದ. ಭಾವನ ಮೇಲಿನ ಆಪಾದನೆ ಹೋಯಿತು, ಆದರೆ ಕಾರ್ಯಕ್ರಮಗಳಿಗೆ ಇವನನ್ನು ಕರೆಯುವವರು ಇಲ್ಲವಾದರು. ಹಳೆಯ ಸ್ಟುಡಿಯೋಗೇ ವಾಪಸ್ ಹೋದ. ಅಲ್ಲಿ ಈಗ ಅವನು ಇಲ್ನೋಡಿ ಎನ್ನುವುದಿಲ್ಲ. ಕ್ಯಾಮೆರಾದ ಪಕ್ಕ ಸುಮ್ಮನೆ ಬೆರಳೆತ್ತಿ ತೋರಿಸುತ್ತಾನೆ. ಇವನಿಗೆ ಮಾತು ಬರುವುದಿಲ್ಲವೆಂದುಕೊಂಡ ಗಿರಾಕಿಗಳೂ ಇದ್ದಾರೆ.

ಭಾವ ಮನೆಗೆ ಬಂದಮೇಲೆ ಒಂದು ಭಾನುವಾರ ಅವನು ಆ ಫೋಟೋ ಹಿಡಿದು ಹೋದ. ಅಕ್ಕ ಬಾಗಿಲು ತೆಗೆದು, ಮುಖ ನೋಡದೆ, ಅಡುಗೆಮನೆಗೆ ನಡೆದಳು. ಪುಟ್ಟಿ ಫೋಟೋ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

“ಅಪ್ಪ ಎಷ್ಟು ನಗ್ತಿದ್ದಾರೆ! ಮಾಮ, ನೀನು ಏನಂತ ಕರೆದೆ?”

ತಾನು ಕರೆದದ್ದನ್ನು ಪೊಲೀಸರಿಗೆ ಹೇಳಿದ್ದ, ಅಕ್ಕನಿಗೆ ಹೇಳಿದ್ದ. ಆದರೆ ಪುಟ್ಟಿಯ ಹೆಸರು ಹಿಡಿದು ಕರೆದೆನೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

“ಏನೋ ಒಂದು ಜೋಕ್ ಹೇಳ್ದೆ ಪುಟ್ಟಾ,” ಎಂದ. ಮಂಚದ ಮೇಲೆ ಭಾವ ಕೂತಿರುವುದು ಗೊತ್ತಿತ್ತು, ಆದರೆ ತಲೆ ಎತ್ತಲಾಗಲಿಲ್ಲ. ನೆಲವನ್ನೇ ನೋಡುತ್ತ ನಿಂತ.

ಭಾವ ಕೋಲಿನಿಂದ ನೆಲ ಕುಟ್ಟಿದ. ತಂತಿ ಕಟ್ಟಿದ್ದ ದವಡೆಯ ನಡುವಿನಿಂದ, ಹಲ್ಲು ಬಿಚ್ಚದೆ, ಒಂದೊಂದೇ ಅಕ್ಷರ ತಳ್ಳಿದ.

“ಲೋ. ಇಲ್... ನೋಡೋ.”

ಇಲ್ನೋಡಿ ತಲೆ ಎತ್ತಿದ. ಕೆನ್ನೆ ಒಳಗೆ ಹೋಗಿತ್ತು, ಒಂದು ಕಡೆ ಹತ್ತಿಯ ಪಟ್ಟಿ, ಇನ್ನೊಂದು ಕಡೆ ಕಣ್ಣು ಅವನನ್ನೇ ದಿಟ್ಟಿಸುತ್ತಿತ್ತು. ಭಾವ ಆ ಕಣ್ಣನ್ನು ಮಗಳ ಕಡೆಗೆ ಹೊರಳಿಸಿ, ಮತ್ತೆ ಇವನ ಕಡೆಗೆ ತಂದು, ತುಟಿಯ ಮೇಲೆ ಬೆರಳಿಟ್ಟುಕೊಂಡ. ಪುಟ್ಟಿ ಅರ್ಧಕ್ಕೇ ನಿಂತಿದ್ದ ಚಾರ್ಟ್ ಹರಡಿಕೊಂಡು ಫೋಟೋಕ್ಕೆ ಅಂಟು ಹಚ್ಚುತ್ತ ಕೂತಿದ್ದಳು.