ಮುಚ್ಚಳ ಹಾಕಿದರೆ ಕಿಂಡಿ ಕಪ್ಪಾಗಬೇಕು

ನಮ್ಮ ಚಿಕ್ಕಮ್ಮನಿಗೆ ಮುಚ್ಚಳ ಎಂದು ಹೆಸರಿಟ್ಟವನು ನನ್ನ ಅಪ್ಪ. ಅವಳಿಗೆ ಸ್ವಂತ ಹೆಸರೊಂದಿದೆ, ಚೆನ್ನಾಗಿಯೂ ಇದೆ. ಅಪ್ಪನ ಸ್ಟುಡಿಯೋದಲ್ಲಿ ಮಾತ್ರ ಅದು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಗಿರಾಕಿಗಳು ಕೂಡ "ಮುಚ್ಚಳ ಮೇಡಂ ಇದಾರಾ?" ಎಂದೇ ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಿಕ್ಕಮ್ಮ "ಇದೀನಿ, ಕೂತ್ಕೊಳಿ, ಗದ್ದ ಸ್ವಲ್ಪ ಕೆಳಗೆ" ಎಂದು ಪಾಸ್‌ಪೋರ್ಟ್ ಫೋಟೋ ತೆಗೆದು ಕಳಿಸುತ್ತಿದ್ದಳು.

ಫೋಟೋ ಅಂದರೆ ಮುಖ ತಿರುಗಿಸುತ್ತಿದ್ದ ನಮ್ಮ ಅಜ್ಜಿ, ಅಂದರೆ ಅಮ್ಮ ಮತ್ತು ಚಿಕ್ಕಮ್ಮನ ತಾಯಿ, ಒಂದು ಮಧ್ಯಾಹ್ನ ಏನನ್ನಿಸಿತೋ, ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು "ಎಲ್ರೂ ಬನ್ರೋ, ಒಂದು ತೆಗೆಸ್ಕೊಳ್ಳೋಣ" ಎಂದಳು. ಅಪ್ಪನಿಗೆ ತಾನೂ ಫೋಟೋದಲ್ಲಿ ಇರಬೇಕು. ತನ್ನ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಚಿಕ್ಕಮ್ಮನ ಕೈಗಿಟ್ಟು, "ಎಲ್ಲಾ ರೆಡಿ ಇದೆ, ಒತ್ತಿದ್ರೆ ಸಾಕು" ಎಂದ. ಕೊಡುವ ಮೊದಲು ಅಭ್ಯಾಸಬಲದಿಂದ ಲೆನ್ಸಿಗೆ ಮುಚ್ಚಳ ಹಾಕಿದ್ದ. ಆ ಬಗೆಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಬೇರೆ, ಚಿತ್ರ ಹಿಡಿಯುವ ಲೆನ್ಸೇ ಬೇರೆ. ಮುಚ್ಚಳವಿದ್ದರೂ ಕಿಂಡಿಯಲ್ಲಿ ಎಲ್ಲರೂ ಸ್ವಚ್ಛವಾಗಿ ಕಾಣುತ್ತಾರೆ. ಅಜ್ಜಿ ನಕ್ಕಳು, ಚಿಕ್ಕಮ್ಮ ಒತ್ತಿದಳು. ರೋಲ್ ತೊಳೆಯುವ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು. ರೋಲಿನಲ್ಲಿ ಅವಳಿರಲಿಲ್ಲ, ಅವಳದೆಂದು ಬೇರೆ ಫೋಟೋವೂ ಇರಲಿಲ್ಲ.

"ಭಾವ, ಮುಚ್ಚಳ ಹಾಕಿದ್ದು ನೀವು."

"ಕ್ಯಾಮೆರಾ ಯಾರ ಕೈಲಿತ್ತು?"

ಅಲ್ಲಿಗೆ ಮಾತು ಮುಗಿಯಿತು. ಅಮ್ಮ ಅತ್ತಳೇ ಹೊರತು ತಂಗಿಯ ಪರ ಬಾಯಿ ಬಿಡಲಿಲ್ಲ. ಅಂದಿನಿಂದ ಅಪ್ಪ ಈ ಕಥೆಯನ್ನು ಕನ್ನಡಿ ಮುಂದೆ ತಲೆ ಬಾಚುತ್ತ ನಿಂತ ಪ್ರತಿ ಗಿರಾಕಿಗೂ ಉಪ್ಪುಖಾರ ಹಚ್ಚಿ ಹೇಳಿದ. ಹೆಸರು ಅಂಟಿಕೊಂಡಿತು. ಸೇಡೆಂಬುದು ಚಿಕ್ಕಮ್ಮನೊಳಗೆ ಅಂದೇ ಕೂತಿರಬೇಕು. ಅವಳದು ಸಿಟ್ಟು ಬಂದರೆ ಪಾತ್ರೆ ಕುಕ್ಕುವ ಜೀವವಲ್ಲ, ಅದಕ್ಕೇ ನಮಗೆ ಗೊತ್ತಾಗಲಿಲ್ಲ.

ಲೆನ್ಸ್ ಒರೆಸುತ್ತ ಕೂತಾಗ ಅವಳು ನನ್ನ ಹತ್ತಿರ ಮುಂದೆ ಬರಬೇಕಾದ ಕ್ಯಾಮೆರಾದ ಮಾತಾಡುತ್ತಿದ್ದಳು. ಎಡಗಣ್ಣಲ್ಲಿ ನೋಡುವವಳು ಅವಳು, ಅದಕ್ಕೇ "ನನ್ನ ಮೂಗಿಗೂ ಒಂಚೂರು ಜಾಗ ಇರ್ಬೇಕು ಕಣೇ" ಎನ್ನುವಳು. ಕನ್ನಡಕ ಗೀಚಬಾರದು. ಮಲಗಿದ ಮಗುವಿನ ಹತ್ತಿರ ಹೋದರೂ ಫೋಕಸ್ ಕೂರಬೇಕು, ಶಟರ್ ಸದ್ದಿಗೆ ಅದು ಏಳಬಾರದು. ಕತ್ತಿಗೆ ಭಾರವಾಗಬಾರದು. ಎಲ್ಲ ಹೇಳಿ ಕೊನೆಗೆ ಅದೇ: "ಮುಚ್ಚಳ ಹಾಕಿದ್ರೆ ಕಿಂಡಿ ಕಪ್ಪಾಗ್ಬೇಕು."

ಅಪ್ಪ ಡಿಜಿಟಲ್ ರೇಂಜ್‌ಫೈಂಡರ್ ಕೊಂಡ. ಬೆನ್ನಲ್ಲಿ ಚಿತ್ರ ತೋರಿಸುವ ಪರದೆಯೇ ಇಲ್ಲದ್ದು. "ತೆಗೆದಿದ್ದನ್ನ ಇಣುಕಿ ಇಣುಕಿ ನೋಡೋರು ಕಸುಬುದಾರರಲ್ಲ" ಎಂದು ಎದೆ ಉಬ್ಬಿಸಿದ. ಬೆಳಕನ್ನೂ ಕಣ್ಣಳತೆಯಲ್ಲೇ ಅಂದಾಜು ಮಾಡಿ ಶಟರ್ ವೇಗವನ್ನು ತಾನೇ ತಿರುಗಿಸಿ ಇಡುವನು. ಆಗಲೇ ಕ್ಯಾಮೆರಾ ಕಂಪನಿಯವನೊಬ್ಬ ಸ್ಟುಡಿಯೋಗೆ ಬಂದು, ಮುಂದಿನ ಮಾಡೆಲ್‌ನಲ್ಲಿ ಏನೇನು ಬೇಕು ಎಂದು ಕೇಳಿದ. ಚಿಕ್ಕಮ್ಮ ಒಳಗಿನಿಂದ ಓಡಿ ಬಂದು ತನ್ನ ಪಟ್ಟಿಯ ಕೊನೆಯದನ್ನೇ, ಆ ಮುಚ್ಚಳದ ಮಾತನ್ನೇ, ಮೊದಲು ಹೇಳಿದಳು.

ಅಪ್ಪ ಬಿದ್ದು ಬಿದ್ದು ನಕ್ಕ. "ಅಷ್ಟೂ ನೋಡ್ಕೊಳ್ಳಕ್ಕೆ ಆಗ್ದೋರು ಕ್ಯಾಮೆರಾ ಯಾಕೆ ಮುಟ್ಬೇಕು?" ಆಮೇಲೆ ಅಜ್ಜಿಯ ಕಥೆ ಶುರುಮಾಡಿದ. ಕಂಪನಿಯವನೂ ನಕ್ಕ. ಚಿಕ್ಕಮ್ಮ ಒರೆಸುವ ಬಟ್ಟೆಯನ್ನು ಮಡಿಸಿ ಮಡಿಸಿ ಬೆರಳಗಲ ಮಾಡಿದಳು. ಆ ದಿನದಿಂದ ಅವಳು ಕ್ಯಾಮೆರಾದ ಆಸೆಗಳನ್ನು ಬಾಯಿ ಬಿಟ್ಟು ಹೇಳಲಿಲ್ಲ.

ನನ್ನ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ. ಮಗಳ ಮದುವೆ ಫೋಟೋ ತಾನೇ ತೆಗೆಯುವುದು, ಬೇರೆ ಯಾರೂ ಮೊಬೈಲ್ ಎತ್ತಕೂಡದು ಎಂದು ಅಪ್ಪ ಮೊದಲೇ ಕಟ್ಟಪ್ಪಣೆ ಮಾಡಿದ್ದ. ಮೇಜಿನಾಚೆ ನಿಂತು, ಕಿಂಡಿಗೆ ಕಣ್ಣು ಕೊಟ್ಟು, "ನಗು, ನಗು, ಹಾಂ!" ಎಂದು ಒತ್ತತೊಡಗಿದ. ನಾನು ತಲೆ ಎತ್ತಿದೆ. ಲೆನ್ಸಿನ ಮೇಲೆ ಮುಚ್ಚಳ ಹಾಗೇ ಕೂತಿತ್ತು.

"ಅಪ್ಪ" ಎನ್ನಲು ಬಾಯಿ ತೆರೆದೆ. ಸಾಕ್ಷಿ ಹಾಕಲು ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮ ನನ್ನ ಮೊಣಕೈ ಹಿಡಿದಳು. ಗಟ್ಟಿಯಾಗಿ ಅಲ್ಲ. ಮದುವೆ ನನ್ನದು, ನಷ್ಟವೂ ನನ್ನದೇ, ಹಾಗಾಗಿ ತೀರ್ಮಾನವನ್ನು ನನಗೇ ಬಿಟ್ಟಳು. ನಾನು ಅಜ್ಜಿಯನ್ನು ನೆನೆದೆ, ಅಪ್ಪನ ಆ ನಗುವನ್ನು ನೆನೆದೆ, ಬಾಯಿ ಮುಚ್ಚಿಕೊಂಡೆ. ನಾವು ಸಹಿ ಹಾಕುವುದನ್ನು, ಹಾರವನ್ನು, ಬೀಗರನ್ನು, ಎಲ್ಲವನ್ನೂ ಅಪ್ಪ ಆ ಮುಚ್ಚಳಕ್ಕೆ ತೋರಿಸಿದ.

ಆಗ ಚಿಕ್ಕಮ್ಮ ಚೀಲದಿಂದ ಅದೇ ಹಳೇ ಕ್ಯಾಮೆರಾ ತೆಗೆದಳು. ಅದರ ಮುಚ್ಚಳ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಒಂದೇ ಸಲ ಒತ್ತಿದಳು. ನಾನು ತಡೆಯಲಾರದೆ ನಗುತ್ತಿದ್ದೆ. ಅಪ್ಪ "ಹಾಗೇ ಇರು, ಬಂಗಾರದಂಥ ನಗು!" ಎಂದು ಮತ್ತೆ ಒತ್ತಿದ.

ಮರುದಿನ ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ಕಪ್ಪು ಚೌಕ ಬಂತು. ಅಪ್ಪ ಕಾರ್ಡ್ ಬದಲಿಸಿದ, ಕಂಪ್ಯೂಟರನ್ನು ಬೈದ, ಕೊನೆಗೆ ತಲೆ ಹಿಡಿದು ಕೂತ. ಅಷ್ಟರಲ್ಲಿ ಚಿಕ್ಕಮ್ಮ ತಾನು ತೆಗೆದ ಫೋಟೋವನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಶೋಕೇಸಿನಲ್ಲಿ ಇಟ್ಟಾಗಿತ್ತು. ಬೀದಿಯ ಜನ ನಿಂತು ನೋಡಿದರು: ಈಚೆ ನಗುತ್ತಿರುವ ಮದುಮಗಳು, ಮೇಜಿನಾಚೆ ಒಂದು ಕಣ್ಣು ಮುಚ್ಚಿ, ಕಾಲು ಅಗಲಿಸಿ ನಿಂತ ಫೋಟೋಗ್ರಾಫರ್, ಅವನ ಲೆನ್ಸಿನ ಮೇಲೆ ಹೊಳೆಯುವ ಮುಚ್ಚಳ. ನನ್ನ ಮದುವೆಯದೆಂದು ಇರುವುದು ಆ ಫೋಟೋ ಒಂದೇ. ನನಗೇನೂ ಬೇಸರವಿಲ್ಲ.

ವಾರ ಕಳೆಯುವಷ್ಟರಲ್ಲಿ ಗಿರಾಕಿಗಳು "ಮುಚ್ಚಳ ಸಾರ್ ಇದಾರಾ?" ಎಂದು ಕೇಳತೊಡಗಿದರು.

ಕಂಪನಿಯವನು ಮತ್ತೆ ಬಂದ. ಅಪ್ಪ ನೆಲ ನೋಡುತ್ತ, "ಮುಚ್ಚಳ ಹಾಕಿದ್ರೆ ಕಿಂಡಿ ಕಪ್ಪಾಗ್ಬೇಕು ಕಣ್ರಿ" ಎಂದ.

"ಬರ್ಕೋಬೇಡಿ," ಎಂದಳು ಚಿಕ್ಕಮ್ಮ. "ಅಷ್ಟೂ ನೋಡ್ಕೊಳ್ಳಕ್ಕೆ ಆಗ್ದೋರು ಕ್ಯಾಮೆರಾ ಯಾಕೆ ಮುಟ್ಬೇಕು?"

ಅವನು ಹೋದ ಮೇಲೆ ಅಪ್ಪ ಅವಳನ್ನು ಹೆಸರು ಹಿಡಿದು ಕರೆದ. ಆ ಸ್ಟುಡಿಯೋದಲ್ಲಿ ಆ ಹೆಸರು ಕೇಳಿ ನನಗೇ ಹೊಸದೆನ್ನಿಸಿತು. "ಇಷ್ಟು ಸಾಕು. ಶೋಕೇಸಿಂದ ಅದನ್ನ ತೆಗಿ. ಬೇರೆ ಯಾವ್ದಾದ್ರೂ ಹಾಕು."

"ನನ್ನ ಅಮ್ಮಂದು ಇದ್ದಿದ್ರೆ ಹಾಕ್ತಿದ್ದೆ ಭಾವ," ಎಂದಳು ಅವಳು, ಮತ್ತೆ ಲೆನ್ಸ್ ಒರೆಸತೊಡಗಿದಳು.