ಕಾಲ್ಬೆರಳಿಗೆ ಬಿಟ್ಟ ಜಾಗ

ಸೋಮವಾರ ಗಂಡನ ಕಾಲು ಮುರಿದಿತ್ತು. ಮಂಗಳವಾರ ಸಕ್ಕರೆ ಇಳಿದು ತಲೆಸುತ್ತಿ ಬಿದ್ದಿದ್ದ. ಬುಧವಾರ ಸಂಜೆ ಯಾವ ರೋಗ ಬರುತ್ತದೋ ಬರಲಿ ಎಂದುಕೊಂಡು ಅವಳು ಒಳಗೆ ಈರುಳ್ಳಿ ಹೆಚ್ಚಲು ಕೂತಳು.

ಗಂಡನದು ಇಸ್ತ್ರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಇಸ್ತ್ರಿ ಮೇಜು ಎಷ್ಟು ಉದ್ದವೆಂದರೆ ಅದರ ಕೊನೆಯ ಒಂದು ಮೊಳ ಪರದೆ ದಾಟಿ ಒಲೆಯ ಪಕ್ಕಕ್ಕೆ ಚಾಚಿಕೊಂಡಿತ್ತು. ಹಗಲೆಲ್ಲ ಅದರ ಮೇಲೆ ಊರವರ ಅಂಗಿ ಪ್ಯಾಂಟು ಮಲಗುತ್ತಿದ್ದವು. ಸಂಜೆ ಇಸ್ತ್ರಿ ಪೆಟ್ಟಿಗೆ ಆರಿಸಿದ ಮೇಲೆ ಗಂಡ ಮಲಗುತ್ತಿದ್ದ. ತಲೆ ಅಂಗಡಿಯಲ್ಲಿ, ಪಾದ ಅಡುಗೆಮನೆಯಲ್ಲಿ.

ಇದಕ್ಕೆ ಕಾರಣ ಎದುರಿನ ಹಾಸ್ಟೆಲಿನ ಮೂವರು ಹುಡುಗಿಯರು. ಅವರ ನರ್ಸಿಂಗ್ ಓದು ಮುಗಿದಿತ್ತು, ಲೈಸೆನ್ಸ್ ಪರೀಕ್ಷೆ ಬಾಕಿ ಇತ್ತು. ಅದು ಪಾಸಾಗದೆ ಯಾವ ಆಸ್ಪತ್ರೆಯೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಯೂನಿಫಾರ್ಮ್ ಇಸ್ತ್ರಿಗೆ ಕೊಡಲು ಬಂದವರು ಒಂದು ದಿನ ಅಂಗಡಿಯ ಬೆಂಚಿನ ಮೇಲೆ ಕೂತು ಪುಸ್ತಕ ತೆರೆದರು. ಹಾಸ್ಟೆಲಿನಲ್ಲಿ ಗಲಾಟೆ, ಇಲ್ಲಿ ದೀಪ ಚೆನ್ನಾಗಿತ್ತು. ಎದ್ದು ಹೋಗಿ ಎನ್ನಲು ಗಂಡನಿಗೆ ನಾಲಿಗೆ ಏಳಲಿಲ್ಲ.

"ಬರೀ ಬಾಯಿಪಾಠ ಮಾಡಿದ್ರೆ ಏನ್ ಬಂತು? ಈಜು ಕಲಿಯೋಕೆ ನೀರು ಬೇಡ್ವಾ? ತಗೊಳ್ಳಿ, ಬಿಟ್ಟಿ ರೋಗಿ," ಎಂದು ತಾನೇ ಮೇಜು ಹತ್ತಿ ಅಡ್ಡಾದ.

ಅಂದಿನಿಂದ ದಿನಕ್ಕೊಂದು ರೋಗ. ಅವನು ನರಳಬೇಕು. ಅವರು ಏನೆಂದು ಕಂಡುಹಿಡಿದು ಮೊದಲು ಏನು ಮಾಡಬೇಕೆಂದು ಹೇಳಬೇಕು. ರೋಗಕ್ಕೇನು ಬರವೇ? ಬಟ್ಟೆ ಕೊಡಲು ಬಂದವರೆಲ್ಲ ತಮ್ಮ ನೋವನ್ನೂ ಕೊಟ್ಟೇ ಹೋಗುತ್ತಿದ್ದರು.

"ಬನ್ನಿ ಬನ್ನಿ, ಡಾಕ್ಟ್ರಮ್ಮಂದಿರೇ."

"ಮಾವ, ನಾವು ನರ್ಸುಗಳು."

"ಅದಾದ್ರೂ ಆಗಿ ಮೊದ್ಲು."

ಒಬ್ಬಳು ಉದ್ದನೆಯವಳು, ಒಬ್ಬಳು ಕನ್ನಡಕದವಳು. ಮೂರನೆಯವಳಿಗೆ ಗುಬ್ಬಿ ಎಂದೇ ಹೆಸರು ಬಿದ್ದಿತ್ತು. ಗುಬ್ಬಿ ಹಿಂದಿನ ಸಲ ಫೇಲಾಗಿದ್ದಳು. ಈ ಸಲವೂ ಹೋದರೆ ಆಸ್ಪತ್ರೆಯವರು ಅವಳಿಗೆಂದು ಹಿಡಿದಿಟ್ಟಿದ್ದ ಜಾಗ ಬೇರೆಯವರ ಪಾಲು. ಅವಳು ಯಾರ ನಾಡಿ ಹಿಡಿದರೂ ಎಪ್ಪತ್ತೆರಡೇ ಬರುತ್ತಿತ್ತು. ಉಳಿದಿಬ್ಬರಿಗೆ ಅದೇ ಒಂದು ತಮಾಷೆ. ಆದರೆ ಹಾಸಿಗೆ ಹಾಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮೂಲೆ ಮಡಿಸಿ ಸಿಕ್ಕಿಸಿದರೆ ಲಕೋಟೆಯ ಹಾಗೆ ಕೂರುತ್ತಿತ್ತು. ಹೊದಿಕೆಯನ್ನು ಕಾಲ ಬಳಿ ಮಾತ್ರ ಬಿಗಿಯಬಾರದು, ಒಂದು ಮಡಿಕೆ ಸಡಿಲ ಬಿಡಬೇಕು ಎಂದು ಇಸ್ತ್ರಿಯವನ ಹೆಂಡತಿಗೂ ತೋರಿಸಿಕೊಟ್ಟಿದ್ದಳು.

"ಇಲ್ಲಾಂದ್ರೆ ಬೆರಳಿಗೆ ಭಾರ ಬೀಳುತ್ತೆ ಅತ್ತೆ. ಮಲಗಿದೋರಿಗೆ ಬೆರಳು ಆಡಿಸೋಕೆ ಜಾಗ ಬೇಕು."

ಅವಳಿಗೆ ನಗು ಬಂದಿತ್ತು. ಗಂಡನ ಬೆರಳಿನ ವಿಷಯ ಈ ಹುಡುಗಿಗೇನು ಗೊತ್ತು? ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಾಯಿ ಹೇಳಿದರೆ ಕಾಲಿನ ಹೆಬ್ಬೆರಳು ಕುಣಿಯುತ್ತಿತ್ತು. ಗಿರಾಕಿಯ ಅಂಗಿ ಸುಟ್ಟು "ಏನೂ ಆಗಿಲ್ಲ" ಎಂದ ದಿನ ಚಪ್ಪಲಿಯೊಳಗೆ ಕುಣಿದಿತ್ತು. ಊಟ ರುಚಿಯಾಗಿದೆ ಎಂದಾಗಲೂ ಒಮ್ಮೊಮ್ಮೆ ಕುಣಿಯುತ್ತಿತ್ತು. ಮದುವೆಯಾದ ಹೊಸದರಲ್ಲೇ ಅವಳು ಇದನ್ನು ಕಂಡುಕೊಂಡಿದ್ದಳು, ಅವನಿಗೂ ಹೇಳಿರಲಿಲ್ಲ. ಸೋಮವಾರ ಮುರಿದ ಕಾಲಿನ ಹೆಬ್ಬೆರಳೇ ಕುಣಿಯುತ್ತಿತ್ತು. ಒಲೆ ಮುಂದೆ ಕೂತು ಅವಳೊಬ್ಬಳೇ ನಕ್ಕಿದ್ದಳು.

ಬುಧವಾರ ಅವನು ಮೊದಲು ಚಳಿ ಎಂದ. ಗುಬ್ಬಿ ಹೊದಿಕೆ ಹೊದಿಸಿ, ಪರದೆ ದಾಟಿ ಬಂದು, ಕಾಲ ಬಳಿ ಮಡಿಕೆ ಬಿಟ್ಟು ಹೋದಳು.

"ಎದೆ ಮೇಲೆ ಯಾರೋ ಕೂತ ಹಾಗಿದೆ. ಎಡಗೈ ಎಳೀತಿದೆ," ಎಂದ ಗಂಡ.

"ಹಾರ್ಟ್ ಅಟ್ಯಾಕ್!" ಉದ್ದನೆಯವಳು ಕೂಗಿದಳು.

"ಇಷ್ಟು ಸುಲಭದ್ದು ಕೊಟ್ರೆ ಹೇಗೆ ಮಾವ? ಪರೀಕ್ಷೇಲಿ ಹೀಗೆ ಬರಲ್ಲ," ಎಂದಳು ಕನ್ನಡಕದವಳು.

"ನಾನಿಲ್ಲಿ ಸಾಯ್ತಿದ್ದೀನಿ, ಇವಳಿಗೆ ಸುಲಭ ಅಂತೆ!"

ಎಲ್ಲರೂ ನಕ್ಕರು. ಒಳಗೆ ಅವಳೂ ನಕ್ಕಳು.

"ಮಾವ, ತುಂಬಾ ಬೆವರ್ತಿದ್ದೀರಿ," ಎಂದಳು ಗುಬ್ಬಿ.

"ದಿನವಿಡೀ ಬೆಂಕಿ ಮುಂದೆ ನಿಂತೋನು ಬೆವರದೆ ಇನ್ನೇನು ಪನ್ನೀರು ಸುರಿಸ್ಲಾ?"

ಮೊದಲು ಆಮ್ಲಜನಕವೋ, ಮೊದಲು ಇಸಿಜಿಯೋ ಎಂದು ಇಬ್ಬರಿಗೆ ಜಗಳ ಹತ್ತಿತು. ಅವರ ಪರೀಕ್ಷೆ ಹಾಗೆಯೇ. ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ನಾಲ್ಕೂ ಸರಿ. ಹೆಚ್ಚು ಸರಿ ಯಾವುದು ಎಂದು ಹೇಳಬೇಕು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅವಳಿಗೆ ಇದರ ತಲೆಬುಡ ತಿಳಿದಿರಲಿಲ್ಲ. ಸರಿ ಅಂದಮೇಲೆ ಸರಿ. ಅದರಲ್ಲೇನು ಹೆಚ್ಚು ಕಡಿಮೆ?

"ಗುಬ್ಬಿ, ಪಲ್ಸ್ ಎಷ್ಟು?"

ಗುಬ್ಬಿ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದಳು. "ಎಪ್ಪತ್ತೆರಡು."

"ಹೆಣದ ಕೈ ಹಿಡಿದ್ರೂ ನಿನಗೆ ಎಪ್ಪತ್ತೆರಡೇ ಬರುತ್ತೆ ಕಣೇ!"

ಮತ್ತೆ ನಗು. ಗಂಡ ಎದ್ದು ಕೂತ. "ಎಲ್ಲಾ ಪಾಸು, ಹೋಗಿ," ಎಂದ. ಬಾಗಿಲು ಹಾಕಿದ. ಊಟದಲ್ಲಿ ಎರಡು ತುತ್ತು ಬಿಟ್ಟ. ಬೆಳಿಗ್ಗೆ ಅವಳು ಚಹಾ ಲೋಟ ಹಿಡಿದು ಎಬ್ಬಿಸಿದಳು. ಏಳಲಿಲ್ಲ. ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ ಎಂದರು. ಅಷ್ಟೇ.

ಅಳುವುದೆಲ್ಲ ಮುಗಿದ ಮೇಲೆ ಅವಳ ತಲೆಯೊಳಗೆ ಒಂದು ಹುಳ ಹೊಕ್ಕಿತು. ಬುಧವಾರ ಅವನು ನಟಿಸಿದನೋ, ನಿಜ ಹೇಳಿದನೋ? ಬೀಗದ ಅಂಗಡಿಯವನು ಆ ವಾರವೇ ತನ್ನ ಎದೆನೋವಿನ ಕತೆಯನ್ನು ಬಿಡಿಸಿ ಬಿಡಿಸಿ ಹೇಳಿ ಹೋಗಿದ್ದ. ಗಂಡ ಅದನ್ನೇ ಒಪ್ಪಿಸಿರಬಹುದು. ಇಲ್ಲಾ, ನಿಜವಾಗಿಯೇ ನೋವಿದ್ದು, ಹೇಳಲು ನಾಚಿ, ಆಟದಲ್ಲಿ ಹೇಳಿ ಹಗುರವಾಗಿರಬಹುದು. ಇಲ್ಲಾ, ಆಟ ಎಂದು ಮಲಗಿದ ಮೇಲೆ ನೋವು ಬಂದಿರಬಹುದು. ಇಲ್ಲಾ, ಯಾವುದು ಎಂದು ಅವನಿಗೇ ಗೊತ್ತಾಗದೆ ಇದ್ದಿರಬಹುದು. ನಾಲ್ಕೂ ಸರಿ ಅನ್ನಿಸುತ್ತಿತ್ತು. ಆಗ ಅವಳಿಗೆ ಆ ಪರೀಕ್ಷೆ ಎಂಥದ್ದೆಂದು ಅರ್ಥವಾಯಿತು.

ಹೆಬ್ಬೆರಳು ಹೇಳಬಹುದಿತ್ತು. ಆದರೆ ಅವಳು ಅಂದು ನೋಡಿದ್ದಳೋ ಇಲ್ಲವೋ ಅದೇ ನೆನಪಿಲ್ಲ. ಈರುಳ್ಳಿ ಹೆಚ್ಚುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಹೊದಿಕೆ ಒಮ್ಮೆ ಅಲ್ಲಾಡಿದ ಹಾಗಿತ್ತು. ಅದು ಬುಧವಾರವೋ ಸೋಮವಾರವೋ? ಬೆರಳೋ ಗಾಳಿಯೋ? ಎಷ್ಟು ಯೋಚಿಸಿದರೂ ನೀರು ಕಡೆದ ಹಾಗೆ.

ಹೊಟ್ಟೆ ಕೇಳಬೇಕಲ್ಲ, ಅಂಗಡಿ ತೆರೆದಳು. ಒಂದು ದಿನ ಉದ್ದನೆಯವಳೂ ಕನ್ನಡಕದವಳೂ ಬಂದು ಬೆಂಚಿನ ತುದಿಯಲ್ಲಿ ಕೂತರು.

"ಅತ್ತೆ, ಗುಬ್ಬಿ ಪರೀಕ್ಷೆ ಬರೆಯಲ್ಲ ಅಂತಿದ್ದಾಳೆ. ಪೆಟ್ಟಿಗೆ ಕಟ್ಟಿದ್ದಾಳೆ, ನಾಳೆ ಅವರಮ್ಮನ ಮನೆಗೆ ಹೋಗ್ತಾಳಂತೆ. ನಮ್ಮ ಮಾತು ಕೇಳಲ್ಲ."

"ನನ್ನ ಮಾತು ಕೇಳ್ತಾಳಾ? ಹೋಗೋದಾದ್ರೆ ಹೋಗ್ಲಿ," ಎಂದಳು. ಅಂದ ಮೇಲೆ, "ಅವಳ ಯೂನಿಫಾರ್ಮ್ ಇಲ್ಲೇ ಇದೆ. ಬಂದು ತಗೊಂಡು ಹೋಗೋಕೆ ಹೇಳಿ," ಎಂದಳು.

ಗುಬ್ಬಿ ಬಂದಳು. ಬಾಗಿಲಲ್ಲೇ ನಿಂತಳು. ಮುಖ ಬತ್ತಿ ಮೂಗೊಂದೇ ಉಳಿದಿತ್ತು.

"ಒಳಗೆ ಬಾ. ಕಚ್ಚಲ್ಲ."

"ಅತ್ತೆ, ಅವತ್ತು ನಾನು ಎಣಿಸ್ಲೇ ಇಲ್ಲ." ಬಂದವಳು ಅದನ್ನೇ ಮೊದಲು ಹೇಳಿದಳು. "ಬಡಿತ ತಪ್ಪಿ ತಪ್ಪಿ ಬರ್ತಿತ್ತು. ನಂದೇ ಎಣಿಕೆ ತಪ್ತಿದೆ ಅನ್ಕೊಂಡೆ. ಅವರಿಬ್ರೂ ನಗ್ತಾರೆ ಅಂತ ಪುಸ್ತಕದಲ್ಲಿರೋ ಎಪ್ಪತ್ತೆರಡೇ ಹೇಳ್ಬಿಟ್ಟೆ. ಮಾವನಿಗೆ ನಿಜವಾಗ್ಲೂ ನೋವಿತ್ತಾ ಅತ್ತೆ? ನಿಮಗೆ ಗೊತ್ತಿರುತ್ತೆ. ಹೇಳಿ."

ಅವಳಿಗೆ ಒಂದು ಗಳಿಗೆ ಸಿಟ್ಟು ಬಂತು. ಎಣಿಸಿದ್ದರೆ? ಆ ಗಳಿಗೆ ದಾಟುವ ಮೊದಲೇ, ತಾನೂ ಒಳಗೆ ಕೂತು ನಕ್ಕದ್ದು ನೆನಪಾಯಿತು. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ನಟನೆ ಕಣೇ. ನಿಮ್ಮ ಮಾವ ಸುಳ್ಳು ಹೇಳಿದ್ರೆ ಹೆಬ್ಬೆರಳು ಕುಣೀತಿತ್ತು. ನಾನು ಇಲ್ಲೇ ಕೂತಿದ್ದೆ, ನೋಡಿದ್ದೀನಿ. ಅವತ್ತೂ ಕುಣೀತಿತ್ತು. ನೀನೇ ಬಿಟ್ಟಿದ್ಯಲ್ಲ ಮಡಿಕೆ, ಅದರೊಳಗೆ."

ಗುಬ್ಬಿ ಮೇಜಿನ ತುದಿಯನ್ನೇ ನೋಡುತ್ತ ನಿಂತಳು. "ಹೌದಾ?" ಎಂದಳು.

"ಹೂಂ. ಹೋಗು, ಅವರಿಬ್ಬರನ್ನೂ ಕರ್ಕೊಂಡು ಬಾ. ಪುಸ್ತಕಾನೂ ತಾ."

ಮೂವರೂ ಬಂದರು. ಅವಳು ಚಪ್ಪಲಿ ಬಿಟ್ಟು ಮೇಜು ಹತ್ತಿ ಮಲಗಿದಳು. "ನನಗೆ ನಾಟಕ ಬರಲ್ಲ. ಇರೋ ನೋವೇ ಹೇಳ್ತೀನಿ. ಮಂಡಿ ನೋವು. ಸೊಂಟ ನೋವು. ಪಕ್ಕಕ್ಕೆ ತಿರುಗಿದ್ರೆ ಹಾಸಿಗೆ ಅರ್ಧ ಖಾಲಿ ಇರುತ್ತೆ, ನಿದ್ದೆ ಬರಲ್ಲ. ಇದಕ್ಕೆ ಮೊದಲು ಏನ್ ಮಾಡ್ತೀರಿ?"

ಕನ್ನಡಕದವಳು ಕನ್ನಡಕ ತೆಗೆದು ಒರೆಸಿಕೊಂಡಳು. ಗುಬ್ಬಿ, "ಮಂಡಿಯಿಂದ ಶುರು ಮಾಡೋಣ," ಎಂದಳು. ಪರೀಕ್ಷೆಯವರೆಗೂ ಸಂಜೆ ಹೀಗೆಯೇ ನಡೆಯಿತು.

ಮೂವರೂ ಪಾಸಾದರು. ಕೆಲಸಕ್ಕೆ ಸೇರುವ ದಿನ ಗುಬ್ಬಿ ಯೂನಿಫಾರ್ಮ್ ಒಯ್ಯಲು ಬಂದವಳು ಅವಳ ಕೈ ಹಿಡಿದುಕೊಂಡಳು. ಕೈಕುಲುಕುತ್ತಾಳೆ ಎಂದುಕೊಂಡರೆ ನಾಡಿ ಹಿಡಿದಿದ್ದಳು. ಪೂರ್ತಿ ಒಂದು ನಿಮಿಷ ತುಟಿ ಅಲುಗಿಸುತ್ತ ಎಣಿಸಿದಳು. ಗಡಿಯಾರ ಒಂದು ಸಲ, ಮುಖ ಒಂದು ಸಲ ನೋಡುತ್ತಿದ್ದಳು.

"ಎಪ್ಪತ್ತೆರಡಾ?"

"ಅಲ್ಲ ಅತ್ತೆ. ಎಂಬತ್ತನಾಲ್ಕು."

ಅದು ಒಳ್ಳೆಯದೋ ಕೆಟ್ಟದ್ದೋ ಅವಳು ಕೇಳಲಿಲ್ಲ. ಬೆರಳಿನ ಮಾತನ್ನು ಗುಬ್ಬಿಯೂ ಮತ್ತೆ ಎತ್ತಲಿಲ್ಲ. ನಂಬಿದಳೋ, ನಂಬಿದ ಹಾಗೆ ಮಾಡಿದಳೋ, ಅದೂ ಗೊತ್ತಿಲ್ಲ.

ಈಗ ಬೇರೆಯದೇ ಗೊಂದಲ. ಹೇಳಿದ್ದು ಹೇಳಿದ್ದೇ ಆಗಿ, ಆ ಬೆರಳು ಅವಳಿಗೆ ಕಾಣತೊಡಗಿದೆ. ಬುಧವಾರದ್ದೇ. ಬಿಳಿ ಹೊದಿಕೆಯ ಮಡಿಕೆಯೊಳಗೆ, ಅಂದು ಹೆಚ್ಚಿದ ಈರುಳ್ಳಿಯ ಘಾಟಿನ ಸಮೇತ. ತಾನು ಹುಡುಗಿಗೆ ಹೇಳಿದ್ದು ಸುಳ್ಳೋ, ಮರೆತಿದ್ದ ನಿಜವೋ? ಮಾತಾಡುವಾಗ ತನ್ನ ಕಾಲನ್ನು ತಾನು ನೋಡಿಕೊಂಡಿರಲಿಲ್ಲ.

ಬೆಳಿಗ್ಗೆ ಎದ್ದು ಅಂಗಡಿ ಬಾಗಿಲು ತೆಗೆಯುತ್ತಾಳೆ. ಮೇಜಿನ ಕಂಬಳಿ ಕೊಡವಿ, ಅದರ ಮೇಲೆ ಬಿಳಿ ಹೊದಿಕೆ ಹಾಸಿ, ಮೂಲೆಗಳನ್ನು ಮಡಿಸಿ ಸಿಕ್ಕಿಸುತ್ತಾಳೆ. ಇಸ್ತ್ರಿ ಮೇಜಿಗೆ ಬಟ್ಟೆ ಬಿಗಿಯಾಗಿರಬೇಕು. ಪರದೆಯ ಈಚೆಗೆ, ಒಲೆಯ ಪಕ್ಕದ ಒಂದು ಮೊಳದಲ್ಲಿ ಮಾತ್ರ ಬಿಗಿಯುವುದಿಲ್ಲ, ಒಂದು ಮಡಿಕೆ ಸಡಿಲ ಬಿಡುತ್ತಾಳೆ. ಉದ್ದನೆಯ ಬಟ್ಟೆ ಬಂದರೆ ಅಲ್ಲಿ ಸುಕ್ಕು ಬೀಳುತ್ತದೆ. ಎತ್ತಿ, ತಿರುಗಿಸಿ, ಇನ್ನೊಂದು ಸಲ ಇಸ್ತ್ರಿ ಮಾಡುತ್ತಾಳೆ.